ನೂರ ತೊಂಬತ್ತೈದನೆಯ ಸೆರೀನ್

ಕೈಮೋಟ್ರಿಪ್ಸಿನ್ ಎಂಬ ಕಿಣ್ವದಲ್ಲಿ ಸೆರೀನ್ ಎಂಬ ಅಮೈನೋ ಆಮ್ಲ 28 ಕಡೆ ಬರುತ್ತದೆ. ಇಪ್ಪತ್ತೆಂಟರದೂ ಒಂದೇ ರಚನೆ: ಪಕ್ಕಕ್ಕೆ ಚಾಚಿದ ಪುಟ್ಟ ತೋಳು, ತೋಳಿನ ತುದಿಗೆ ಒಂದು ಆಮ್ಲಜನಕ, ಅದಕ್ಕೆ ಅಂಟಿಕೊಂಡ ಒಂದು ಜಲಜನಕ. ಆದರೆ ನಾವು ಉಂಡ ಬೇಳೆಯ, ಹಾಲಿನ, ಮೊಟ್ಟೆಯ ಪ್ರೋಟೀನನ್ನು ಸಣ್ಣಕರುಳಿನಲ್ಲಿ ತುಂಡರಿಸುವಾಗ ಕೆಲಸಕ್ಕೆ ಇಳಿಯುವುದು ಒಂದೇ ಒಂದು ಸೆರೀನ್. ಅಮೈನೋ ಆಮ್ಲಗಳ ಸರಪಳಿಯ ತಲೆಯಿಂದ ಎಣಿಸುತ್ತ ಬಂದರೆ ಅದು 195ನೆಯ ಕೊಂಡಿ. ಧಾರವಾಡದಲ್ಲಿ ಎಂ.ಎಸ್ಸಿ. ತರಗತಿಗೆ ಈ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಮೇಡಂ, ಅದ ನೂರಾ ತೊಂಬತ್ತೈದನೇದ್ದ ಅಂತ ಹೆಂಗ ಗೊತ್ತಾತ್ರಿ? ಉಳದ ಇಪ್ಪತ್ತೇಳು ಸುಮ್ಮ ಕುಂತಾವು ಅಂತ ಯಾರ ನೋಡ್ಯಾರ್ರಿ?"

ಪಠ್ಯಪುಸ್ತಕದಲ್ಲಿ ಇದಕ್ಕೆ ಒಂದು ಸಾಲಿನ ಉತ್ತರವಿದೆ. ಆ ಸಾಲಿನ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ಕಸುಬು ಇದೆ. ಕಣ್ಣಿಗೆ ಕಾಣದ ಒಂದು ಕೊಂಡಿ ಏನು ಮಾಡುತ್ತದೆ ಎಂದು ತಿಳಿಯಲು ಮನುಷ್ಯರು ಅದಕ್ಕೆ ವಿಷ ಹಾಕಿದರು, ಅದರ ಒಂದು ಪರಮಾಣುವನ್ನು ಕಿತ್ತು ಇನ್ನೊಂದನ್ನು ಕೂರಿಸಿದರು, ಕೊನೆಗೆ ಅದನ್ನು ಹುಟ್ಟಿಸುವ ಜೀನನ್ನೇ ತಿದ್ದಿದರು. ಈ ಕಸುಬಿನ ಕಥೆಯನ್ನು ಹೇಳದೆ ಬರೀ 195 ಎಂಬ ಅಂಕಿಯನ್ನು ಬಾಯಿಪಾಠ ಮಾಡಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ ಎಂದು ನಾನು ಇಂದಿಗೂ ನಂಬಿದ್ದೇನೆ.

ಕಥೆ ಕಸಾಯಿಖಾನೆಯಿಂದ ಶುರುವಾಗುತ್ತದೆ. ಕಳೆದ ಶತಮಾನದ ಇಪ್ಪತ್ತರ ದಶಕದವರೆಗೂ ಕಿಣ್ವವೆಂದರೆ ಏನು ಎಂಬುದೇ ಇತ್ಯರ್ಥವಾಗಿರಲಿಲ್ಲ. ಜರ್ಮನಿಯ ರಿಚರ್ಡ್ ವಿಲ್‌ಸ್ಟ್ಯಾಟರ್ 1915ರ ನೊಬೆಲ್ ಪಡೆದ ದೊಡ್ಡ ರಸಾಯನಶಾಸ್ತ್ರಜ್ಞ. ಕಿಣ್ವ ಪ್ರೋಟೀನಲ್ಲ, ಪ್ರೋಟೀನಿಗೆ ಅಂಟಿಕೊಂಡ ಯಾವುದೋ ಸಣ್ಣ ಅಣು ಎಂಬುದು ಅವರ ವಾದ. 1926ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಜೇಮ್ಸ್ ಸಮ್ನರ್ ಅವರು ಜ್ಯಾಕ್ ಬೀನ್ ಎಂಬ ಅವರೆಜಾತಿಯ ಕಾಳಿನಿಂದ ಯೂರಿಯೇಸ್ ಕಿಣ್ವದ ಹರಳುಗಳನ್ನು ತೆಗೆದರು. ಹರಳು ಪೂರಾ ಪ್ರೋಟೀನು. ಹದಿನೇಳನೆಯ ವಯಸ್ಸಿನಲ್ಲಿ ಬೇಟೆಯ ಅವಘಡದಲ್ಲಿ ಎಡಗೈ ಕಳೆದುಕೊಂಡವರು ಸಮ್ನರ್, ಅದೂ ಎಡಚರು. ಒಂದೇ ಕೈಯಲ್ಲಿ ಸೋಸಿ, ತಣಿಸಿ, ಹರಳು ಕೂರಿಸಿದ ಕೆಲಸ ಅದು. ಆದರೂ ಹಲವರು ನಂಬಲಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಹುರುಳಿಹಿಟ್ಟು ಕಲಸಿ ಯೂರಿಯೇಸ್ ತೆಗೆಸುವಾಗಲೆಲ್ಲ ನನಗೆ ಸಮ್ನರ್ ನೆನಪಾಗುತ್ತಿದ್ದರು. ಸೋಸುವ ಬಟ್ಟೆಯನ್ನು ಎರಡು ಕೈಯಲ್ಲಿ ಹಿಂಡುವುದೇ ಹುಡುಗಿಯರಿಗೆ ಸಾಕುಬೇಕಾಗುತ್ತಿತ್ತು.

ಅನುಮಾನಕ್ಕೆ ಎಡೆಯಿಲ್ಲದಂತೆ ಮಾಡಿದ್ದು ಪ್ರಿನ್ಸ್‌ಟನ್ನಿನ ರಾಕ್‌ಫೆಲ್ಲರ್ ಸಂಸ್ಥೆಯ ಜಾನ್ ನಾರ್ತ್ರಪ್ ಮತ್ತು ಮೋಸೆಸ್ ಕುನಿಟ್ಜ್. ನಾರ್ತ್ರಪ್ 1930ರಲ್ಲಿ ಪೆಪ್ಸಿನ್ನಿನ ಹರಳು ತೆಗೆದರು. ನಂತರ ಇಬ್ಬರೂ ಸೇರಿ ದನದ ಮೇದೋಜೀರಕ ಗ್ರಂಥಿಗೆ ಕೈಹಾಕಿದರು. ವಿಧಾನ ಸರಳ, ಶ್ರಮ ವಿಪರೀತ. ಈಗಷ್ಟೇ ಕಡಿದ ದನದ ಗ್ರಂಥಿಯನ್ನು ಅಲ್ಲಿಯೇ ಐಸ್‌ನಲ್ಲಿಟ್ಟ ದುರ್ಬಲ ಗಂಧಕಾಮ್ಲಕ್ಕೆ ಹಾಕಬೇಕು. ಇಲ್ಲವಾದರೆ ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತದೆ. ಆಮೇಲೆ ಕೊಬ್ಬು ಬಿಡಿಸಿ, ಅರೆದು, ಅಮೋನಿಯಂ ಸಲ್ಫೇಟನ್ನು ಹಂತಹಂತವಾಗಿ ಬೆರೆಸುತ್ತ, ಒಂದೊಂದು ಹಂತಕ್ಕೆ ಕೆಳಗಿಳಿದ ಪ್ರೋಟೀನನ್ನು ಬೇರೆ ಮಾಡಬೇಕು. 1933ರಿಂದ 35ರ ನಡುವೆ ಹೀಗೆ ಕೈಮೋಟ್ರಿಪ್ಸಿನ್ ಹರಳಾಗಿ ಕೈಗೆ ಬಂತು. ರಷ್ಯಾದಿಂದ ವಲಸೆ ಬಂದ ಕುನಿಟ್ಜ್ ಆ ಸಂಸ್ಥೆಗೆ ಮೊದಲು ಸೇರಿದ್ದು ಪ್ರಯೋಗಾಲಯದ ಸಹಾಯಕರಾಗಿ. ದುಡಿಯುತ್ತಲೇ ಓದಿ ಡಾಕ್ಟರೇಟ್ ಪಡೆದರು. 1946ರ ನೊಬೆಲ್ ಸಮ್ನರ್, ನಾರ್ತ್ರಪ್ ಮತ್ತು ಸ್ಟ್ಯಾನ್ಲಿ ಅವರಿಗೆ ಹೋಯಿತು, ಕುನಿಟ್ಜ್ ಅವರಿಗೆ ಬರಲಿಲ್ಲ. ಇವತ್ತಿಗೂ ಬಾಟಲಿಯಲ್ಲಿ ಬರುವ ಎಷ್ಟೋ ಕಿಣ್ವಗಳ ಹಿಂದೆ ಅವರ ಕೈಯ ವಿಧಾನವಿದೆ. ಅವರ ಹೆಸರನ್ನು ತರಗತಿಯಲ್ಲಿ ಹೇಳದೆ ನಾನು ಮುಂದೆ ಹೋಗುತ್ತಿರಲಿಲ್ಲ.

ದನದ ಗ್ರಂಥಿ ಬೇಕಾದಷ್ಟು ಸಿಗುತ್ತಿತ್ತು, ಕಿಣ್ವ ಗಟ್ಟಿಮುಟ್ಟಾಗಿತ್ತು, ಹರಳು ಚೆನ್ನಾಗಿ ಕೂರುತ್ತಿತ್ತು. ಮುಂದಿನ ಐವತ್ತು ವರ್ಷ ಜಗತ್ತಿನ ಕಿಣ್ವವಿಜ್ಞಾನಿಗಳು ಕೈಮೋಟ್ರಿಪ್ಸಿನ್ನನ್ನೇ ಹಿಡಿದು ಕೂತದ್ದಕ್ಕೆ ಕಾರಣ ಇಷ್ಟೇ.

ಶುದ್ಧ ಕಿಣ್ವ ಸಿಕ್ಕಿತು. ಆದರೆ ಅದರ ನೂರಾರು ಕೊಂಡಿಗಳಲ್ಲಿ ಕೆಲಸ ಮಾಡುವುದು ಯಾವುದು? ಇದಕ್ಕೆ ಮೊದಲ ಸುಳಿವು ಬಂದದ್ದು ವಿಷದಿಂದ. ಈ ಭಾಗವನ್ನು ಹೇಳುವಾಗ ಪ್ರತಿಸಲವೂ ನನ್ನ ಮನಸ್ಸು ಕಲಕುತ್ತದೆ. 1932ರಲ್ಲಿ ಬರ್ಲಿನ್ನಿನಲ್ಲಿ ವಿಲ್ಲಿ ಲಾಂಗೆ ಮತ್ತು ಅವರ ವಿದ್ಯಾರ್ಥಿನಿ ಗೆರ್ಡಾ ಫಾನ್ ಕ್ರೂಗರ್ ರಂಜಕ ಮತ್ತು ಫ್ಲೋರಿನ್ ಸೇರಿದ ಕೆಲವು ಸಂಯುಕ್ತಗಳನ್ನು ತಯಾರಿಸಿದರು. ಅವುಗಳ ಆವಿ ಮೂಗಿಗೆ ಬಡಿದಾಗ ಉಸಿರು ಕಟ್ಟಿತು, ಕಣ್ಣು ಮಂಜಾಯಿತು. ಅವರು ಅದನ್ನು ಹಾಗೇ ಬರೆದಿಟ್ಟರು. ನಾಲ್ಕು ವರ್ಷದ ನಂತರ ಕೀಟನಾಶಕ ಹುಡುಕುತ್ತಿದ್ದ ಗೆರ್ಹಾರ್ಡ್ ಶ್ರಾಡರ್ ಇದೇ ಬಳಗದ ಟಾಬುನ್ ವಿಷವನ್ನು ಕಂಡುಹಿಡಿದರು. ಅದು ಹೊಲಕ್ಕೆ ಹೋಗುವ ಬದಲು ಸೈನ್ಯದ ಉಗ್ರಾಣಕ್ಕೆ ಹೋಯಿತು. ಯುದ್ಧದ ಆಚೆ ಬದಿಯಲ್ಲಿ ಕೇಂಬ್ರಿಡ್ಜಿನ ರಸಾಯನಶಾಸ್ತ್ರಜ್ಞರು ಡೈಐಸೊಪ್ರೊಪೈಲ್ ಫ್ಲೋರೊಫಾಸ್ಫೇಟ್ ಎಂಬ ಇನ್ನೊಂದು ವಿಷವನ್ನು ಪರೀಕ್ಷಿಸುತ್ತಿದ್ದರು. ಅದರ ಗಿಡ್ಡ ಹೆಸರು ಡಿಎಫ್‌ಪಿ.

ಯುದ್ಧ ಮುಗಿಯಿತು, ಡಿಎಫ್‌ಪಿ ಪ್ರಯೋಗಾಲಯಗಳಿಗೆ ಬಂತು. 1949ರಲ್ಲಿ ಜಾನ್ಸೆನ್, ಬಾಲ್ಸ್ ಮತ್ತು ಸಂಗಡಿಗರು ಅದನ್ನು ಕೈಮೋಟ್ರಿಪ್ಸಿನ್ನಿಗೆ ಬೆರೆಸಿ ನೋಡಿದರು. ಕಿಣ್ವ ಪೂರ್ತಿ ನಿಂತುಹೋಯಿತು. ನಿಂತ ಕಿಣ್ವವನ್ನು ಮತ್ತೆ ಹರಳು ಮಾಡಿ ಲೆಕ್ಕ ಹಾಕಿದರೆ ಕಿಣ್ವದ ಒಂದು ಅಣುವಿಗೆ ರಂಜಕದ ಒಂದೇ ಪರಮಾಣು ಅಂಟಿತ್ತು. ನೂರಾರು ಕೊಂಡಿಗಳ ಸರಪಳಿಯನ್ನು ನಿಲ್ಲಿಸಲು ಒಂದು ಜಾಗದ ಒಂದು ಅಂಟು ಸಾಕಾಯಿತು. 1953ರಲ್ಲಿ ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿ ಶಾಫರ್, ಮೇ, ಸಮ್ಮರ್ಸನ್ ಆ ಕಿಣ್ವವನ್ನು ಆಮ್ಲದಲ್ಲಿ ಕುದಿಸಿ ಒಡೆದು, ರಂಜಕ ಅಂಟಿದ ಚೂರನ್ನು ಹಿಡಿದರು. ಅದು ಸೆರೀನ್.

ಇದೇ ವಿಷದ ಬಳಗ ನಮ್ಮ ಹೊಲಗಳಿಗೂ ಬಂತು. ಹತ್ತಿಗೆ, ತೊಗರಿಗೆ ಔಷಧ ಹೊಡೆಯುವ ರೈತ ಬಾಯಿಗೆ ಬಟ್ಟೆ ಕಟ್ಟದೆ ಗಾಳಿಗೆ ಎದುರಾಗಿ ನಿಂತರೆ ಆರ್ಗನೊಫಾಸ್ಫೇಟ್ ಒಳಗೆ ಹೋಗುತ್ತದೆ. ಅದು ಹೋಗಿ ಅಂಟುವುದೂ ಒಂದು ಸೆರೀನಿಗೇ. ನರಗಳಲ್ಲಿ ಅಸಿಟೈಲ್‌ಕೋಲೀನನ್ನು ಒಡೆಯುವ ಕಿಣ್ವದ ಸೆರೀನ್ ಅದು. ಕಿಣ್ವ ನಿಂತರೆ ನರದ ಸಂದೇಶ ನಿಲ್ಲುವುದಿಲ್ಲ: ಜೊಲ್ಲು ಸುರಿಯುತ್ತದೆ, ಬೆವರು ಇಳಿಯುತ್ತದೆ, ಕಣ್ಣಪಾಪೆ ಸೂಜಿಮೊನೆಯಷ್ಟಾಗುತ್ತದೆ, ಉಸಿರಾಟದ ಸ್ನಾಯು ಸೋಲುತ್ತದೆ. ವೈದ್ಯರು ಅಟ್ರೋಪಿನ್ ಕೊಡುತ್ತಾರೆ, ಜೊತೆಗೆ ಪ್ರಾಲಿಡಾಕ್ಸಿಮ್. ಈ ಎರಡನೆಯ ಔಷಧ ಐವತ್ತರ ದಶಕದಲ್ಲಿ ಇರ್ವಿನ್ ವಿಲ್ಸನ್ ಅವರ ಕೆಲಸದಿಂದ ಬಂದದ್ದು. ಸೆರೀನಿಗೆ ಅಂಟಿದ ರಂಜಕವನ್ನು ತನ್ನ ಕಡೆಗೆ ಎಳೆದುಕೊಂಡು ಕಿಣ್ವವನ್ನು ಬಿಡಿಸುವುದು ಅದರ ಕೆಲಸ. ತಡವಾದರೆ ಅಂಟು ಬಲಿಯುತ್ತದೆ, ಆಮೇಲೆ ಯಾವ ಔಷಧಕ್ಕೂ ಬಿಡುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳು ಎಷ್ಟೋ ಜನ ಆಸ್ಪತ್ರೆಗಳ ಲ್ಯಾಬಿನಲ್ಲಿ ರಾತ್ರಿಪಾಳಿಯಲ್ಲಿ ಕೂತು ಇಂಥ ರೋಗಿಗಳ ರಕ್ತದಲ್ಲಿ ಕೋಲಿನೆಸ್ಟರೇಸ್ ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಅವರು ಅಳೆಯುವುದು ಎಷ್ಟು ಸೆರೀನುಗಳು ಇನ್ನೂ ಬಿಡುವಾಗಿವೆ ಎಂಬುದನ್ನೇ. ಅದು ಅವರಿಗೆ ಗೊತ್ತಿರಬೇಕೆಂದು ನಾನು ಆ ಪಾಠವನ್ನು ಅವಸರವಿಲ್ಲದೆ ಮಾಡುತ್ತಿದ್ದೆ.

ಸೆರೀನ್ ಸಿಕ್ಕಿತು ಎಂದು ಎಲ್ಲರೂ ಒಪ್ಪಿಬಿಡಲಿಲ್ಲ. ಸೆರೀನಿನ ತುದಿಯಲ್ಲಿರುವುದು ಮದ್ಯಸಾರದಲ್ಲಿರುವಂಥದ್ದೇ ಜೋಡಿ. ಅದು ಮಂದ. ನೀರಿನಲ್ಲಿ ಕರಗಿಸಿದ ಬಿಡಿ ಸೆರೀನಿಗೆ ಡಿಎಫ್‌ಪಿ ಹಾಕಿದರೆ ಏನೂ ಆಗದು. ಕಿಣ್ವದ ಚುರುಕು ಕ್ಷಾರ ಮತ್ತು ಆಮ್ಲದ ಹದಕ್ಕೆ ತಕ್ಕಂತೆ ಏರಿಳಿಯುವ ರೀತಿ ನೋಡಿದರೆ ಅಲ್ಲಿ ಹಿಸ್ಟಿಡಿನ್ ಎಂಬ ಬೇರೆ ಕೊಂಡಿಯ ಕೈವಾಡ ಕಾಣುತ್ತಿತ್ತು. ರಂಜಕ ಮೊದಲು ಹಿಸ್ಟಿಡಿನಿಗೆ ಅಂಟಿ, ಆಮ್ಲದಲ್ಲಿ ಕುದಿಸುವಾಗ ಸೆರೀನಿಗೆ ಹಾರಿರಬೇಕು ಎಂದು ಬಲ್ಲವರೇ ವಾದಿಸಿದರು. ಆ ವಾದ ಹುಚ್ಚಾಟವಾಗಿರಲಿಲ್ಲ, ಅದರಲ್ಲಿ ಅರ್ಧ ಸತ್ಯವಿತ್ತು.

ಅದೇ ಹೊತ್ತಿಗೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬ್ರಯಾನ್ ಹಾರ್ಟ್ಲಿ ಎಂಬ ಯುವಕ ಕಿಲ್ಬಿ ಅವರ ಜೊತೆ ಬೇರೊಂದು ದಾರಿ ಹಿಡಿದಿದ್ದ. ನೈಟ್ರೊಫಿನೈಲ್ ಅಸಿಟೇಟ್ ಎಂಬ ವಸ್ತುವನ್ನು ಕೈಮೋಟ್ರಿಪ್ಸಿನ್ ಒಡೆದರೆ ಹಳದಿ ಬಣ್ಣ ಬರುತ್ತದೆ. ಬಣ್ಣ ಏರುವುದನ್ನು ಅಳೆದರೆ ಕಿಣ್ವದ ವೇಗ ಸಿಗುತ್ತದೆ. ಹಾರ್ಟ್ಲಿ ಕಂಡದ್ದು ಹೀಗೆ: ಮೊದಲ ಗಳಿಗೆಯಲ್ಲಿ ಹಳದಿ ಒಮ್ಮೆಲೇ ಚಿಮ್ಮುತ್ತದೆ, ಆಮೇಲೆ ನಿಧಾನವಾಗಿ ಏರುತ್ತದೆ. ಚಿಮ್ಮಿದ ಪ್ರಮಾಣ ಹೆಚ್ಚುಕಡಿಮೆ ಕಿಣ್ವದ ಪ್ರಮಾಣಕ್ಕೆ ಸಮ. ಖಾಲಿ ಬಸ್ಸು ಸ್ಟ್ಯಾಂಡಿಗೆ ಬಂದು ನಿಂತರೆ ಸೀಟೆಲ್ಲ ಒಂದೇ ಉಸಿರಿಗೆ ತುಂಬುತ್ತವೆ, ಆಮೇಲೆ ಒಬ್ಬರು ಇಳಿದರೆ ಮಾತ್ರ ಇನ್ನೊಬ್ಬರಿಗೆ ಜಾಗ. ಇಲ್ಲಿಯೂ ಅಷ್ಟೇ. ವಸ್ತುವಿನ ಅರ್ಧ ಭಾಗ ಹಳದಿಯಾಗಿ ತಕ್ಷಣ ಹೊರಬೀಳುತ್ತದೆ, ಉಳಿದರ್ಧ ಕಿಣ್ವದ ಮೇಲೆಯೇ ಕೂತುಬಿಡುತ್ತದೆ. ಅದು ಇಳಿಯುವವರೆಗೆ ಕಿಣ್ವಕ್ಕೆ ಬಿಡುವಿಲ್ಲ. 1954ರ ಆ ಪ್ರಬಂಧದಿಂದ ಕಿಣ್ವ ಎರಡು ಹೆಜ್ಜೆಯಲ್ಲಿ ಕೆಲಸ ಮಾಡುತ್ತದೆ ಎಂದು ಗೊತ್ತಾಯಿತು.

ಈ ಪ್ರಯೋಗವನ್ನು ನಾವು ಪ್ರಾಯೋಗಿಕ ತರಗತಿಯಲ್ಲಿ ಮಾಡಿಸುತ್ತಿದ್ದೆವು. ಗ್ರಾಫ್ ಹಾಳೆಯಲ್ಲಿ ಚುಕ್ಕೆಗಳನ್ನಿಟ್ಟು ಗೆರೆ ಎಳೆದರೆ ಅದು ಸೊನ್ನೆಗೆ ಮುಟ್ಟುವುದಿಲ್ಲ, ಸ್ವಲ್ಪ ಮೇಲೆ ನಿಲ್ಲುತ್ತದೆ. ಹುಡುಗರು ಅದು ತಮ್ಮ ಕೈತಪ್ಪು ಎಂದುಕೊಂಡು ರಬ್ಬರಿನಿಂದ ಅಳಿಸಿ ಗೆರೆಯನ್ನು ಬಗ್ಗಿಸಿ ಸೊನ್ನೆಗೆ ಮುಟ್ಟಿಸುತ್ತಿದ್ದರು. "ಅಳಿಸಬ್ಯಾಡ್ರೋ, ಆ ಗೆರಿ ಎಲ್ಲಿ ನಿಂತದ ಅಲ್ಲೇ ಹಾರ್ಟ್ಲಿ ಪ್ರಬಂಧ ಅದ" ಎಂದು ನಾನು ಮೇಜಿನಿಂದ ಮೇಜಿಗೆ ಹೇಳುತ್ತ ತಿರುಗುತ್ತಿದ್ದೆ.

ಹಾರ್ಟ್ಲಿ ಮುಂದೆ ಕೇಂಬ್ರಿಡ್ಜಿಗೆ, ಫ್ರೆಡ್ ಸ್ಯಾಂಗರ್ ಅವರ ಬಳಿ ಹೋದರು. ಸ್ಯಾಂಗರ್ 51 ಕೊಂಡಿಗಳ ಇನ್ಸುಲಿನನ್ನು ಮೊದಲಿನಿಂದ ಕೊನೆಯವರೆಗೆ ಓದಿ 1958ರ ನೊಬೆಲ್ ಪಡೆದವರು. ಕೈಮೋಟ್ರಿಪ್ಸಿನ್ನಿನ ಮೂಲರೂಪದಲ್ಲಿ ಇದ್ದದ್ದು 245 ಕೊಂಡಿ, ನಡುವೆ ಐದು ಗಂಧಕದ ಸೇತುವೆ. ಸರಪಳಿಯನ್ನು ಬೇರೆಬೇರೆ ಕಡೆ ಕತ್ತರಿಸಿ, ಚೂರುಗಳನ್ನು ಕಾಗದದ ಮೇಲೆ ವಿದ್ಯುತ್ತಿನಿಂದ ಓಡಿಸಿ ಬೇರ್ಪಡಿಸಿ, ಒಂದೊಂದರ ತಲೆ ಕಿತ್ತು ಹೆಸರು ಹಿಡಿದು, ಚೂರುಗಳ ಅಂಚು ಹೊಂದಿಸುತ್ತ ವರ್ಷಗಳೇ ಹೋದವು. 1964ರಲ್ಲಿ ಪೂರ್ತಿ ಓದು ಪ್ರಕಟವಾಯಿತು. ಅಂದಿನಿಂದ ಆ ಸೆರೀನಿಗೆ 195 ಎಂಬ ಅಂಕಿ. ಅದಕ್ಕೆ ಒಂದು ವರ್ಷ ಮೊದಲೇ ಶೋಲ್‌ಮನ್ ಮತ್ತು ಶಾ ಹಿಸ್ಟಿಡಿನಿಗೆ ಮಾತ್ರ ಅಂಟುವ ವಸ್ತುವನ್ನು ತಯಾರಿಸಿ ಕಿಣ್ವವನ್ನು ನಿಲ್ಲಿಸಿ ತೋರಿಸಿದ್ದರು. ಆ ಹಿಸ್ಟಿಡಿನಿನ ಅಂಕಿ 57. ಸರಪಳಿಯಲ್ಲಿ ಎರಡರ ನಡುವೆ ನೂರಕ್ಕೂ ಹೆಚ್ಚು ಕೊಂಡಿ ಇದ್ದರೂ ಮಡಿಕೆಯಲ್ಲಿ ಅವು ಅಕ್ಕಪಕ್ಕ ಬರಲೇಬೇಕಿತ್ತು.

ಬಂದೂ ಇದ್ದವು. 1967ರಲ್ಲಿ ಕೇಂಬ್ರಿಡ್ಜಿನ ಅದೇ ಕಟ್ಟಡದಲ್ಲಿ ಡೇವಿಡ್ ಬ್ಲೋ ಅವರ ತಂಡ ಎಕ್ಸ್‌ರೇ ಹಾಯಿಸಿ ಕಿಣ್ವದ ಆಕಾರ ಬಿಡಿಸಿತು. ಮ್ಯಾಥ್ಯೂಸ್, ಸಿಗ್ಲರ್, ರಿಚರ್ಡ್ ಹೆಂಡರ್ಸನ್ ಆ ತಂಡದಲ್ಲಿದ್ದರು. ಐವತ್ತು ವರ್ಷದ ನಂತರ, 2017ರಲ್ಲಿ ಬೇರೆ ಕೆಲಸಕ್ಕೆ ನೊಬೆಲ್ ಪಡೆದ ಹೆಂಡರ್ಸನ್ ಇವರೇ. ಆಕಾರದಲ್ಲಿ ಸೆರೀನ್ 195ರ ಬಗಲಿಗೆ ಹಿಸ್ಟಿಡಿನ್ 57 ಇತ್ತು. ಅದರ ಬೆನ್ನಿಗೆ, ನೀರು ತಾಗದಷ್ಟು ಒಳಗೆ ಹೂತು, 102ನೆಯ ಕೊಂಡಿ ಇತ್ತು. ಹಾರ್ಟ್ಲಿಯವರ ಓದಿನಲ್ಲಿ 102 ಎಂದರೆ ಆಸ್ಪರಜಿನ್. ಅದಕ್ಕೆ ವಿದ್ಯುದಂಶವಿಲ್ಲ, ಅದು ಅಲ್ಲಿ ಯಾಕೆ ಕೂತಿದೆಯೆಂದು ಅರ್ಥವಾಗಲಿಲ್ಲ. ಮೇದೋಜೀರಕದ ಇತರ ಸೋದರ ಕಿಣ್ವಗಳಲ್ಲಿ ಅದೇ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲ ಕಾಣುತ್ತಿತ್ತು. ಇವೆರಡರ ತೂಕದಲ್ಲಿ ಇರುವ ವ್ಯತ್ಯಾಸ ಒಂದು ಜಲಜನಕದಷ್ಟು. ಆಮ್ಲದಲ್ಲಿ ಕುದಿಸಿದರೆ ಆಸ್ಪರಜಿನ್ ತನ್ನ ಸಾರಜನಕ ಕಳೆದುಕೊಂಡು ಆಸ್ಪಾರ್ಟಿಕ್ ಆಮ್ಲವೇ ಆಗಿಬಿಡುತ್ತದೆ. ಹೀಗಾಗಿ ಆ ಕಾಲದ ಉಪಕರಣಗಳಲ್ಲಿ ಇವೆರಡನ್ನು ಬೇರೆ ಮಾಡುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ. ಮತ್ತೆ ಪರೀಕ್ಷಿಸಿದರು. 102 ಆಸ್ಪಾರ್ಟಿಕ್ ಆಮ್ಲವೇ. 1969ರಲ್ಲಿ ಬ್ಲೋ, ಬರ್ಕ್‌ಟಾಫ್ಟ್ ಜೊತೆ ಹಾರ್ಟ್ಲಿ ಅವರೇ ಹೆಸರು ಹಾಕಿ ತಿದ್ದುಪಡಿಯನ್ನು ಪ್ರಕಟಿಸಿದರು. ತಾನು ವರ್ಷಗಟ್ಟಲೆ ಕೂತು ಓದಿದ ಸರಪಳಿಯಲ್ಲಿ ಒಂದು ಅಕ್ಷರ ಬೇರೆಯಿದೆ ಎಂದು ಒಪ್ಪಿ, ಆ ಒಪ್ಪಿಗೆಯಿಂದಲೇ ಕಿಣ್ವದ ಗುಟ್ಟು ಬಿಡಿಸಿದ ಆ ಪ್ರಬಂಧವನ್ನು ನಾನು ಪ್ರತಿ ವರ್ಷ ಪ್ರತಿ ತೆಗೆಸಿ ಹಂಚುತ್ತಿದ್ದೆ.

ಈಗ ಮಂದ ಸೆರೀನಿಗೆ ಚುರುಕು ಹೇಗೆ ಬಂತೆಂದು ಹೇಳಬಹುದಾಯಿತು. ಆಸ್ಪಾರ್ಟಿಕ್ ಆಮ್ಲದ ಋಣ ವಿದ್ಯುದಂಶ ಹಿಸ್ಟಿಡಿನನ್ನು ಸರಿಯಾದ ದಿಕ್ಕಿಗೆ ಹಿಡಿದು ನಿಲ್ಲಿಸುತ್ತದೆ. ಹಿಸ್ಟಿಡಿನ್ ಸೆರೀನಿನ ಜಲಜನಕವನ್ನು ಎಳೆದುಕೊಳ್ಳುತ್ತದೆ. ಜಲಜನಕ ಕಳೆದುಕೊಂಡ ಸೆರೀನಿನ ಆಮ್ಲಜನಕ ಎದುರಿಗಿರುವ ಪ್ರೋಟೀನಿನ ಬಂಧಕ್ಕೆ ನುಗ್ಗುತ್ತದೆ. ಬಂಧ ಮುರಿದು ಅರ್ಧ ಭಾಗ ಹೊರಟುಹೋಗುತ್ತದೆ, ಇನ್ನರ್ಧ ಸೆರೀನಿನ ಮೇಲೆ ಕೂರುತ್ತದೆ. ಹಿಸ್ಟಿಡಿನ್ ಈಗ ಒಂದು ನೀರಿನ ಅಣುವನ್ನು ಅದೇ ರೀತಿ ಚುರುಕಾಗಿಸುತ್ತದೆ. ನೀರು ಬಂದು ಕೂತದ್ದನ್ನು ಬಿಡಿಸುತ್ತದೆ, ಸೆರೀನ್ ಮೊದಲಿನಂತಾಗುತ್ತದೆ. ಬರಿಯ ನೀರಿನಲ್ಲಿ ಬಿಟ್ಟರೆ ಅಂಥ ಒಂದು ಬಂಧ ತಾನಾಗಿ ಮುರಿಯಲು ನೂರಾರು ವರ್ಷ ಬೇಕು. ಕಿಣ್ವ ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ. ಜಲಜನಕ ಹಿಸ್ಟಿಡಿನಿನಿಂದ ಮುಂದೆ ಆಸ್ಪಾರ್ಟಿಕ್ ಆಮ್ಲದವರೆಗೂ ಹೋಗುತ್ತದೆ ಎಂದು ಬ್ಲೋ ಮೊದಲು ಎಣಿಸಿದ್ದರು. 1981ರ ಹೊತ್ತಿಗೆ ಕೊಸಿಯಾಕಾಫ್ ಮತ್ತು ಸ್ಪೆನ್ಸರ್ ನ್ಯೂಟ್ರಾನ್ ಕಿರಣದಲ್ಲಿ ಟ್ರಿಪ್ಸಿನ್ನನ್ನು ನೋಡಿ, ಅದು ಹಿಸ್ಟಿಡಿನಿನಲ್ಲೇ ನಿಲ್ಲುತ್ತದೆ ಎಂದು ತೋರಿಸಿದರು.

ಇಷ್ಟಾದರೂ ಆ ಹುಡುಗನ ಪ್ರಶ್ನೆಗೆ ಉತ್ತರ ಪೂರ್ತಿಯಾಗಿರಲಿಲ್ಲ. ಒಂದು ಕೊಂಡಿಗೆ ವಿಷ ಅಂಟಿಸಿದಾಗ ಕಿಣ್ವ ನಿಂತಿತೆಂದರೆ, ಆ ಕೊಂಡಿ ಕೆಲಸ ಮಾಡುತ್ತಿತ್ತೋ ಅಥವಾ ಅಂಟಿದ ವಸ್ತು ಬಾಗಿಲಿಗೆ ಅಡ್ಡ ನಿಂತಿತೋ? ನಿಜವಾಗಿ ತಿಳಿಯಬೇಕಾದರೆ ಆ ಒಂದನ್ನು ಮಾತ್ರ ಬದಲಿಸಿ ಉಳಿದ ಎಲ್ಲವನ್ನೂ ಇದ್ದಂತೆ ಬಿಡಬೇಕು. 1966ರಲ್ಲಿ ಇಬ್ಬಿಬ್ಬರ ಎರಡು ತಂಡಗಳು, ಒಂದು ಕಡೆ ಪೋಲ್ಗಾರ್ ಮತ್ತು ಬೆಂಡರ್, ಇನ್ನೊಂದು ಕಡೆ ನೀಟ್ ಮತ್ತು ಕೋಶ್‌ಲ್ಯಾಂಡ್, ಇದನ್ನು ರಾಸಾಯನಿಕವಾಗಿಯೇ ಮಾಡಿದವು. ಬ್ಯಾಸಿಲಸ್ ಬ್ಯಾಕ್ಟೀರಿಯಾದಿಂದ ಬರುವ ಸಬ್ಟಿಲಿಸಿನ್ ಎಂಬ ಕಿಣ್ವದ ಸೆರೀನ್ 221ರಲ್ಲಿ ಆಮ್ಲಜನಕ ತೆಗೆದು ಗಂಧಕ ಕೂರಿಸಿದವು. ಸಾವಿರಾರು ಪರಮಾಣುಗಳಲ್ಲಿ ಒಂದೇ ಒಂದು ಬದಲಾವಣೆ. ಪಪ್ಪಾಯಿ ಹಾಲಿನ ಪಪೇನ್ ಗಂಧಕದಿಂದಲೇ ಪ್ರೋಟೀನು ಕತ್ತರಿಸುತ್ತದೆ, ಹಾಗಾಗಿ ಇದೂ ಕತ್ತರಿಸಬಹುದಿತ್ತು. ಕತ್ತರಿಸಲಿಲ್ಲ. ನೈಟ್ರೊಫಿನೈಲ್ ಅಸಿಟೇಟಿನಂಥ ಸುಲಭಕ್ಕೆ ಒಡೆಯುವ ವಸ್ತುಗಳನ್ನಷ್ಟೇ ಒಡೆಯಿತು. ಆ ಜಾಗದ ಸುತ್ತಲಿನದೆಲ್ಲ ಆಮ್ಲಜನಕದ ಅಳತೆಗೆ ಹೊಂದಿ ಕೂತಿತ್ತು.

ಆದರೆ ಇಂಥ ರಾಸಾಯನಿಕ ಚಮತ್ಕಾರ ಎಲ್ಲ ಕೊಂಡಿಗಳಿಗೂ ಸಾಧ್ಯವಿಲ್ಲ. ಬೇಕಾದ ಕೊಂಡಿಯನ್ನು ಬೇಕಾದಂತೆ ಬದಲಿಸುವ ದಾರಿ ಕೆನಡಾದ ವ್ಯಾಂಕೂವರಿನಿಂದ ಬಂತು. ಅದರ ಬೇರಿನಲ್ಲಿ ನಮ್ಮ ಉಪಖಂಡದ ಒಬ್ಬರಿದ್ದಾರೆ. ಮುಲ್ತಾನ್ ಜಿಲ್ಲೆಯ ರಾಯ್‌ಪುರ ಹಳ್ಳಿಯಲ್ಲಿ ಹುಟ್ಟಿದ ಹರಗೋಬಿಂದ್ ಖೊರಾನಾ 1952ರಿಂದ ವ್ಯಾಂಕೂವರಿನಲ್ಲಿ ಪ್ರಯೋಗಾಲಯ ಕಟ್ಟಿ, ಡಿಎನ್‌ಎ ಚೂರುಗಳನ್ನು ಅಕ್ಷರಕ್ಕೆ ಅಕ್ಷರ ಜೋಡಿಸುವ ರಸಾಯನವನ್ನು ಬೆಳೆಸುತ್ತಿದ್ದರು. ಇಂಗ್ಲೆಂಡಿನ ಬ್ಲ್ಯಾಕ್‌ಪೂಲಿನ ಹುಡುಗ ಮೈಕಲ್ ಸ್ಮಿತ್ 1956ರಲ್ಲಿ ಅವರ ಬಳಿ ಕೆಲಸಕ್ಕೆ ಬಂದು ಆ ವಿದ್ಯೆ ಕಲಿತರು. ಮುಂದೆ ಸ್ಯಾಂಗರ್ ಅವರ ಪ್ರಯೋಗಾಲಯದಲ್ಲಿ ಒಂದು ವರ್ಷ ಕಳೆದಾಗ ಅವರಿಗೊಂದು ಆಲೋಚನೆ ಹೊಳೆಯಿತು. ಜೀನಿಗೆ ಹೊಂದುವ ಒಂದು ಪುಟ್ಟ ಡಿಎನ್‌ಎ ಚೂರನ್ನು ಬೇಕೆಂದೇ ಒಂದು ಅಕ್ಷರ ತಪ್ಪಾಗಿ ಬರೆದು ಜೋಡಿಸಿದರೆ? ಒಂದಕ್ಷರ ಹೊಂದದಿದ್ದರೂ ಚೂರು ಜೀನಿಗೆ ಅಂಟುತ್ತದೆ, ಅದನ್ನೇ ಹಿಡಿದು ಪಾಲಿಮರೇಸ್ ಕಿಣ್ವ ಹೊಸ ಎಳೆ ನೇಯುತ್ತದೆ, ಬ್ಯಾಕ್ಟೀರಿಯಾ ಆ ಹೊಸ ಅಕ್ಷರವನ್ನೇ ನಂಬಿ ಪ್ರೋಟೀನು ಮಾಡುತ್ತದೆ. ಕ್ಲೈಡ್ ಹಚಿಸನ್ ಜೊತೆ ಸೇರಿ 1978ರಲ್ಲಿ ಇದನ್ನು ಸಾಧಿಸಿದರು. 1993ರಲ್ಲಿ ಸ್ಮಿತ್ ಅವರಿಗೆ ನೊಬೆಲ್ ಬಂತು. ಖೊರಾನಾ ಅವರಿಗೆ 1968ರಲ್ಲೇ ಬಂದಿತ್ತು, ಬೇರೆ ಕೆಲಸಕ್ಕೆ. ಗುರು ಹಾಕಿದ ರಸಾಯನ ಶಿಷ್ಯನ ಕೈಯಲ್ಲಿ ಕಿಣ್ವಗಳನ್ನು ತಿದ್ದುವ ಹತ್ಯಾರವಾಯಿತು.

1982ರಲ್ಲಿ ಗ್ರೆಗ್ ವಿಂಟರ್ ಮತ್ತು ಆ್ಯಲನ್ ಫರ್ಷ್ಟ್ ಅವರು ಸ್ಮಿತ್ ಜೊತೆ ಸೇರಿ ಟೈರೊಸಿಲ್ ಟಿಆರ್‌ಎನ್‌ಎ ಸಿಂಥೆಟೇಸ್ ಎಂಬ ಕಿಣ್ವದ 35ನೆಯ ಸಿಸ್ಟೀನನ್ನು ಸೆರೀನ್ ಮಾಡಿದರು. ಕಿಣ್ವಕ್ಕೆ ಕೆಲಸಕ್ಕೆ ಬೇಕಾದ ಎಟಿಪಿ ಅಣುವನ್ನು ಹಿಡಿಯುವ ಬಲ ಕುಗ್ಗಿತು. ಆ ಕಿಣ್ವದ ಆಕಾರ ಬಿಡಿಸಿದ್ದು ಅದೇ ಡೇವಿಡ್ ಬ್ಲೋ ಅವರ ಬಳಗ. ಅದೇ ವರ್ಷ ಬಂದ ಆಕಾರದ ಪ್ರಬಂಧದಲ್ಲಿ ಮೊದಲ ಹೆಸರು ಟಿ.ಎನ್. ಭಟ್.

ನನ್ನನ್ನು ಎಲ್ಲಕ್ಕಿಂತ ತಟ್ಟಿದ್ದು 1987ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಬಂದ ಚಾರ್ಲ್ಸ್ ಕ್ರೇಕ್ ಅವರ ಪ್ರಬಂಧ. ಅವರು ಇಲಿಯ ಟ್ರಿಪ್ಸಿನ್ನಿನಲ್ಲಿ 102ನೆಯ ಆಸ್ಪಾರ್ಟಿಕ್ ಆಮ್ಲವನ್ನು ಆಸ್ಪರಜಿನ್ ಮಾಡಿದರು. ಎರಡು ದಶಕದ ಹಿಂದೆ ಕಾಗದದ ಮೇಲೆ ಇದ್ದ ಓದನ್ನು ಈಗ ಜೀನಿನಲ್ಲಿ ನಿಜವಾಗಿಯೇ ಬರೆದಂತಾಯಿತು. ಸಾಮಾನ್ಯ ಹದದಲ್ಲಿ ಕಿಣ್ವದ ಚುರುಕು ಸುಮಾರು 10,000 ಪಟ್ಟು ಬಿತ್ತು. ಒಂದು ಆಮ್ಲಜನಕದ ಬದಲು ಒಂದು ಸಾರಜನಕ ಬಂದದ್ದರ ಬೆಲೆ ಅದು. ಕುದಿಸಿದ ಚೂರಿನಲ್ಲಿ ಕಣ್ಣಿಗೆ ಬೀಳದ ವ್ಯತ್ಯಾಸ ಕಿಣ್ವದೊಳಗೆ ಅಷ್ಟು ದೊಡ್ಡದಾಗಿತ್ತು.

ಮರುವರ್ಷ ಜೆನೆನ್‌ಟೆಕ್ ಕಂಪನಿಯಲ್ಲಿ ಪಾಲ್ ಕಾರ್ಟರ್ ಮತ್ತು ಜೇಮ್ಸ್ ವೆಲ್ಸ್ ಮೂವರನ್ನೂ ಲೆಕ್ಕಕ್ಕೆ ತಂದರು. ಸಬ್ಟಿಲಿಸಿನ್ನಿನಲ್ಲಿ ಅದೇ ಮೂರು ಕೊಂಡಿಗಳಿವೆ: ಸೆರೀನ್ 221, ಹಿಸ್ಟಿಡಿನ್ 64, ಆಸ್ಪಾರ್ಟಿಕ್ ಆಮ್ಲ 32. ಅದರ ಮಡಿಕೆಗೂ ಕೈಮೋಟ್ರಿಪ್ಸಿನ್ನಿನ ಮಡಿಕೆಗೂ ಯಾವ ನಂಟೂ ಇಲ್ಲ, ಪ್ರಕೃತಿ ಎರಡು ಬೇರೆ ದಾರಿಯಲ್ಲಿ ನಡೆದು ಅದೇ ಮೂವರನ್ನು ತಂದು ಕೂರಿಸಿದೆ. ಕಾರ್ಟರ್ ಮತ್ತು ವೆಲ್ಸ್ ಒಂದೊಂದನ್ನೂ ಅಲನಿನ್ ಮಾಡಿದರು. ಅಲನಿನ್ ಎಂದರೆ ತೋಳು ಕತ್ತರಿಸಿದ ಮೊಂಡು ಕೊಂಡಿ. ಕೆಲಸದ ಕಷ್ಟ ಎಲ್ಲಿತ್ತೆಂದರೆ, ತಿದ್ದಿದ ಕಿಣ್ವದಲ್ಲಿ ಉಳಿಯುವ ಚುರುಕು ಎಷ್ಟು ಕಡಿಮೆಯೆಂದರೆ ತಿದ್ದದ ಕಿಣ್ವದ ಒಂದು ಕಣ ಬೆರೆತರೂ ಲೆಕ್ಕ ಹಾಳು. ಸಬ್ಟಿಲಿಸಿನ್ ಪಕ್ವವಾಗಲು ತನ್ನನ್ನು ತಾನೇ ಕತ್ತರಿಸಿಕೊಳ್ಳಬೇಕು. ತಿದ್ದಿದ್ದಕ್ಕೆ ಆ ಶಕ್ತಿಯಿಲ್ಲ, ಹಾಗಾಗಿ ಸಹಾಯಕ್ಕೆ ಚೆನ್ನಾಗಿರುವ ಕಿಣ್ವವನ್ನು ಬೆರೆಸಲೇಬೇಕಿತ್ತು. ಬೆರೆಸಿ ಮತ್ತೆ ಬೇರ್ಪಡಿಸಲು, ದೂರದ 24ನೆಯ ಜಾಗದಲ್ಲಿ ಒಂದು ಸಿಸ್ಟೀನ್ ಗುರುತು ಹಾಕಿ, ಅದರ ಗಂಧಕವನ್ನು ಹಿಡಿಯುವ ಕಾಲಮ್ಮಿನಲ್ಲಿ ತಿದ್ದಿದ್ದನ್ನು ಮಾತ್ರ ತಡೆದು ನಿಲ್ಲಿಸಿದರು. ಇಂಥ ಕೈಚಳಕ ಪ್ರಬಂಧದ ವಿಧಾನಗಳ ಭಾಗದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ನಾನು ಅದನ್ನೇ ಮೊದಲು ಓದಿಸುತ್ತಿದ್ದೆ.

ಫಲಿತಾಂಶ ಹೀಗಿತ್ತು. ಸೆರೀನ್ ತೆಗೆದರೆ ವೇಗ ಸುಮಾರು 20 ಲಕ್ಷ ಪಟ್ಟು ಬೀಳುತ್ತದೆ. ಹಿಸ್ಟಿಡಿನ್ ತೆಗೆದರೂ ಅಷ್ಟೇ. ಆಸ್ಪಾರ್ಟಿಕ್ ಆಮ್ಲ ತೆಗೆದರೆ ಸುಮಾರು 30,000 ಪಟ್ಟು. ಮೂರನ್ನೂ ಒಟ್ಟಿಗೆ ತೆಗೆದರೆ? ಮೂರರ ನಷ್ಟ ಒಂದರ ಮೇಲೊಂದು ಸೇರಿ ಕಿಣ್ವ ಕಲ್ಲಾಗಬೇಕಿತ್ತು. ಆಗಲಿಲ್ಲ. ಮೂರೂ ಇಲ್ಲದ ಕಿಣ್ವದ ವೇಗ ಸೆರೀನ್ ಒಂದೇ ಇಲ್ಲದ ಕಿಣ್ವದಷ್ಟೇ, ಅದೇ 20 ಲಕ್ಷ ಪಟ್ಟು ಕಡಿಮೆ. ಎಂದರೆ ಸೆರೀನಿಗೆಂದು ನಾವು ಬರೆದುಕೊಟ್ಟ 20 ಲಕ್ಷ ಅದೊಂದರದೇ ಅಲ್ಲ. ಹಿಸ್ಟಿಡಿನ್ ಇಲ್ಲದ ಸೆರೀನಿಗೆ ಏನೂ ಮಾಡಲಾಗದು, ಸೆರೀನ್ ಇಲ್ಲದ ಹಿಸ್ಟಿಡಿನಿಗೂ ಅಷ್ಟೇ. ಒಂದು ಕೊಂಡಿಯ ಪಾಲು ಎಷ್ಟು ಎಂದು ಕೇಳುವ ನಮ್ಮ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಸಿಕ್ಕಿತು, ಆದರೆ ಆ ಅಂಕಿ ಮೂವರ ಹೆಸರಿನಲ್ಲಿ ಜಂಟಿಯಾಗಿ ಇತ್ತು. ಇನ್ನೊಂದು ಮಾತು. ಮೂವರೂ ಇಲ್ಲದ ಆ ಕಿಣ್ವ ಬರೀ ನೀರಿಗಿಂತ ಸಾವಿರ ಪಟ್ಟಿಗೂ ಹೆಚ್ಚು ವೇಗವಾಗಿ ಬಂಧ ಮುರಿಯುತ್ತಿತ್ತು. ಆ ಸಾವಿರದ ಹಿಂದೆ ಮಡಿಕೆಯಲ್ಲಿ ಕೂತ ಬೇರೆ ಕೊಂಡಿಗಳಿದ್ದವು. 155ನೆಯ ಆಸ್ಪರಜಿನ್ ಅವುಗಳಲ್ಲಿ ಒಂದು, ಬಂಧ ಮುರಿಯುವ ಗಳಿಗೆಯಲ್ಲಿ ಹುಟ್ಟುವ ಋಣ ವಿದ್ಯುದಂಶವನ್ನು ಅದು ಹಿಡಿದುಕೊಳ್ಳುತ್ತದೆ.

ಇದೇ ಸಬ್ಟಿಲಿಸಿನ್ ನಮ್ಮ ಬಟ್ಟೆ ಒಗೆಯುವ ಪುಡಿಯಲ್ಲಿಯೂ ಇರುತ್ತದೆ. ಸೆರೀನ್ 221ರ ಪಕ್ಕದ 222ನೆಯ ಮೆಥಿಯೋನಿನ್ ಬ್ಲೀಚಿಗೆ ಬೇಗ ಕೆಡುತ್ತಿತ್ತು. 1985ರಲ್ಲಿ ಅದೊಂದನ್ನು ಬದಲಿಸಿ ಬ್ಲೀಚಿಗೆ ಜಗ್ಗದ ಕಿಣ್ವ ಮಾಡಿದರು.

ಬೆಂಗಳೂರಿನಲ್ಲಿಯೂ ಈ ಕಸುಬು ಬೇರುಬಿಟ್ಟಿದೆ. ಸಕ್ಕರೆಯನ್ನು ಒಡೆಯುವ ದಾರಿಯಲ್ಲಿ ಟ್ರಯೋಸ್ ಫಾಸ್ಫೇಟ್ ಐಸೊಮರೇಸ್ ಎಂಬ ಕಿಣ್ವವಿದೆ, ಅದರಲ್ಲಿ ಕೆಲಸಕ್ಕೆ ನಿಲ್ಲುವುದು 165ನೆಯ ಗ್ಲುಟಾಮಿಕ್ ಆಮ್ಲ. ಹಾರ್ವರ್ಡಿನಲ್ಲಿ ಜೆರೆಮಿ ನೋಲ್ಸ್ ಬಳಗ 1985ರಲ್ಲಿ ಅದನ್ನು ಆಸ್ಪಾರ್ಟಿಕ್ ಆಮ್ಲ ಮಾಡಿ ನೋಡಿತ್ತು. ಆಮ್ಲ ಅದೇ ಗುಣದ್ದು, ತೋಳು ಮಾತ್ರ ಒಂದು ಇಂಗಾಲದಷ್ಟು ಗಿಡ್ಡ, ಅಷ್ಟಕ್ಕೇ ವೇಗ ಸಾವಿರ ಪಟ್ಟಿನಷ್ಟು ಬಿತ್ತು. ಮಲೇರಿಯಾ ತರುವ ಪ್ಲಾಸ್ಮೋಡಿಯಂ ಫಾಲ್ಸಿಪಾರಂನಲ್ಲಿಯೂ ಈ ಕಿಣ್ವವಿದೆ. ಅದರ ಆಕಾರವನ್ನು 1997ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಆರ್.ಎನ್. ಮೂರ್ತಿ ಅವರ ತಂಡ ಬಿಡಿಸಿತು. ಪಿ. ಬಲರಾಮ್ ಮತ್ತು ಜವಾಹರಲಾಲ್ ನೆಹರೂ ಕೇಂದ್ರದ ಹೇಮಲತಾ ಬಲರಾಮ್ ಈ ಕಿಣ್ವದ ಮೇಲೆ ವರ್ಷಗಟ್ಟಲೆ ಜೊತೆಗೆ ದುಡಿದರು. ಬಹುತೇಕ ಜೀವಿಗಳಲ್ಲಿ ಇದರ 96ನೆಯ ಜಾಗದಲ್ಲಿ ಇರುವುದು ಸೆರೀನ್, ಈ ಪರಾವಲಂಬಿಯಲ್ಲಿ ಮಾತ್ರ ಅಲ್ಲಿ ದೊಡ್ಡ ಮೈಯ ಫಿನೈಲ್‌ಅಲನಿನ್. 2009ರಲ್ಲಿ ಅವರು ಅದನ್ನು ತೆಗೆದು ಸೆರೀನ್, ಹಿಸ್ಟಿಡಿನ್, ಟ್ರಿಪ್ಟೊಫ್ಯಾನ್‌ಗಳನ್ನು ಒಂದೊಂದಾಗಿ ಕೂರಿಸಿದರು. ಪ್ರತಿಸಲವೂ ಕಿಣ್ವದ ವೇಗ ಅಳೆದರು, ಹರಳು ಮಾಡಿ ಎಕ್ಸ್‌ರೇ ಹಾಯಿಸಿದರು, ಕಿಣ್ವದ ಬಾಯಿ ಮುಚ್ಚುವ ಕುಣಿಕೆ ಹೇಗೆ ವಾಲುತ್ತದೆ, ಸುತ್ತಲಿನ ನೀರಿನ ಅಣುಗಳು ಎಲ್ಲೆಲ್ಲಿ ನಿಲ್ಲುತ್ತವೆ ಎಂದು ನೋಡಿದರು.